ಹರಿದುದನ್ನು ಹೊಲಿಯುವ ಕೈ



ಇಳಕಲ್ ಸೀರೆ ಹಳತಾಗಿ ಹರಿದರೆ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ತಾಯಂದಿರು ಅದನ್ನು ಎಸೆಯುವುದಿಲ್ಲ. ಪದರದ ಮೇಲೆ ಪದರವಿಟ್ಟು, ಸಾಲಾಗಿ ದಾರವೋಡಿಸಿ ಕೌದಿ ಹೊಲಿಯುತ್ತಾರೆ. ತೂತು ಬಿದ್ದಲ್ಲಿ ತೇಪೆ ಹಚ್ಚುತ್ತಾರೆ. ಆ ಕೌದಿಯಲ್ಲಿ ಮೊಮ್ಮಕ್ಕಳು ಬೆಚ್ಚಗೆ ಮಲಗುತ್ತಾರೆ.

ಆದರೆ ನಿಮ್ಮ ಮನೆಯಲ್ಲಿ ಸೂಜಿ ಹಿಡಿಯುವವರು ಯಾರು? ಗುಂಡಿ ಕಿತ್ತ ಅಂಗಿಯನ್ನು ಪತ್ನಿಯ ಮುಂದೆ ಎಸೆದು, ತಡವಾದರೆ ಸಿಡುಕುವವರು ನಾವೇ ಅಲ್ಲವೇ?

ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಹ. ಆಯಿಶಾ(ರ)ರೊಡನೆ ಕೇಳಲಾಯಿತು. ಅವರು ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ತಮ್ಮ ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಆ ಮಾತೆ ತಿಳಿಸಿದರು. ಈ ವರದಿ ಮುಸ್ನದ್ ಅಹ್ಮದ್‌ನಲ್ಲಿದೆ. ಮದೀನಾದ ನಾಯಕರಿಗೆ ಇಲ್ಲದ ನಾಚಿಕೆ ನಮಗೇಕೆ?

ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಂಗಸಿನಂತೆ ಆಗಬೇಡಿರೆಂದು ಪವಿತ್ರ ಕುರ್‌ಆನ್ (16:92) ಕರಾರು ಮುರಿಯುವವರನ್ನು ಎಚ್ಚರಿಸುತ್ತದೆ. ವಿವಾಹವೂ ಬಲವಾದ ಕರಾರೆಂದು ಅದೇ ಗ್ರಂಥ (4:21) ಹೇಳುತ್ತದೆ. ಒಂದೊಂದು ಕಟುಮಾತೂ ಆ ನೂಲಿನ ಒಂದೊಂದು ಎಳೆಯನ್ನು ಬಿಚ್ಚುತ್ತದೆ.

ಇಳಕಲ್ಲಿನ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡು ಸೇರಿ ಒಂದೇ ಸೀರೆಯಾಗುತ್ತದೆ. ಸಂಸಾರಕ್ಕೂ ಅಷ್ಟೇ ತಾಳ್ಮೆ ಬೇಕು.

ಇಂದು ಸಂಜೆ ಅಂಗಿ ಹರಿದಿದ್ದರೆ ಸೂಜಿದಾರ ನೀವೇ ತೆಗೆದುಕೊಳ್ಳಿ. ಹೊಲಿಗೆ ಸೊಟ್ಟಗಾದರೂ ಚಿಂತೆಯಿಲ್ಲ. ಮನಸ್ಸು ಹರಿದಿದ್ದರೆ ಮೊದಲ ಮಾತೂ ನಿಮ್ಮದೇ ಆಗಲಿ.

ಅಲ್ಲಾಹನು ನಮ್ಮ ಮನೆಗಳನ್ನು ಜೋಡಿಸಿ ಕಾಪಾಡಲಿ. ಆಮೀನ್.