ಮೊದಲು ನೋಡಬೇಕಾದದ್ದು

ಕಳೆದ ಜೂನ್ ತಿಂಗಳಲ್ಲಿ ಮಳೆ ಹಿಡಿದು, ನಮ್ಮ ಶಾಲೆಯ ಸಾಮಾನಿನ ಕೋಣೆ ಸೋರತೊಡಗಿತು. ಎಲ್ಲವನ್ನೂ ಹೊರಗೆ ಹಾಕಿದಾಗ ಮುರಿದ ಬೆಂಚು, ಹರಿದ ಭೂಪಟಗಳ ಅಡಿಯಿಂದ ಮಾಸಿದ ಬಣ್ಣದ ಪೆಟ್ಟಿಗೆಯೊಂದು ಹೊರಬಂತು. ಗುಜರಿಯವನು ತಕ್ಕಡಿ ಹಿಡಿದು ಕಾದಿದ್ದ. ನಾನು "ಇದೊಂದು ಇರಲಿ" ಎಂದೆ.

ಅದು ಬಿಬಿಸಿ ಮೈಕ್ರೋ. ಬ್ರಿಟನ್ನಿನ ಬಿಬಿಸಿ ಸಂಸ್ಥೆ ಜನಸಾಮಾನ್ಯರಿಗೆ ಕಂಪ್ಯೂಟರ್ ಕಲಿಸಲು ಹೊರಟಾಗ, ಅದಕ್ಕಾಗಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ತಂದ ಪುಟ್ಟ ಯಂತ್ರ. ಕೀಲಿಮಣೆ, ಮಿದುಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ತೆರೆಗೆ ಟಿ.ವಿ. ಸಾಕು. ನಮ್ಮ ದೇಶದಲ್ಲಿ 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಇದನ್ನೇ ಕೊಟ್ಟರು. ಹೈಸ್ಕೂಲಿನಲ್ಲಿ ನಾನು ಮೊದಲ ಬಾರಿ ಬೆರಳಿಟ್ಟದ್ದು ಇಂಥದರ ಮೇಲೆಯೇ. ಹುಡುಗರು ಎದ್ದ ಮೇಲೆ ಹುಡುಗಿಯರ ಸರದಿ. ಅಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಈಗಲಾದರೂ ಸರದಿ ಬಂತಲ್ಲ ಎಂದು ಮನೆಗೆ ಹೊತ್ತುಕೊಂಡು ಹೋದೆ.

ನಮ್ಮ ಪೇಟೆಯಲ್ಲಿ ನಲವತ್ತು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದ ಹಿರಿಯರೊಬ್ಬರಿದ್ದಾರೆ. ಅವರು ಬಂದು, "ಹಾಗೇ ಸ್ವಿಚ್ ಹಾಕಬೇಡಿ ಟೀಚರಮ್ಮ, ಹೊಗೆ ಬಂದೀತು" ಎಂದರು. ಪವರ್ ಸಪ್ಲೈ ಬಿಚ್ಚಿ, ಮೈಯೆಲ್ಲ ಬಿರುಕು ಬಿಟ್ಟ ಎರಡು ಹಳದಿ ಕೆಪಾಸಿಟರುಗಳನ್ನು ತೋರಿಸಿದರು. ವಯಸ್ಸಾದಂತೆ ಅವು ಬಿರುಕಿನಿಂದ ತೇವ ಹೀರಿ, ಕರೆಂಟು ತಾಗಿದೊಡನೆ ಸಿಡಿಯುತ್ತವಂತೆ. ಅವನ್ನು ಬದಲಿಸಿ ಸ್ವಿಚ್ ಹಾಕಿದೆವು.

ಸರಿಯಿದ್ದ ಯಂತ್ರವಾದರೆ ಮೊದಲು ಒಂದು ದಪ್ಪ ದನಿ, ಅದರ ಹಿಂದೆಯೇ ಒಂದು ಸಣ್ಣ ದನಿ ಹೊರಡಿಸಿ, ತೆರೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂದು ಬರೆಯಬೇಕು. ಇದು ಒಮ್ಮೆ ಒಂದೇ ದನಿಯಲ್ಲಿ ಗೊಳೋ ಎಂದಿತು. ಇನ್ನೊಮ್ಮೆ ಅರ್ಥವಿಲ್ಲದ ಅಕ್ಷರ ಚೆಲ್ಲಿತು. ಮತ್ತೊಮ್ಮೆ ಚೆನ್ನಾಗಿಯೇ ಎದ್ದು, ನಾನು ಬರೆದ ಪ್ರೋಗ್ರಾಮನ್ನು ಐದು ನಿಮಿಷದಲ್ಲಿ ಮರೆತು ಕೂತಿತು.

"ಮೆಮೊರಿ ಹೋಗಿದೆ" ಎಂದು ನಾನು ತೀರ್ಪು ಕೊಟ್ಟೆ. ಅದರ 32 ಕಿಲೋಬೈಟ್ ಮೆಮೊರಿ 16 ಚಿಪ್ಪುಗಳಲ್ಲಿ ಹಂಚಿಹೋಗಿದೆ. ಹದಿನಾರನ್ನೂ ಕೀಳಿಸುವ ಉತ್ಸಾಹ ನನ್ನದು.

ಅವರು ನಕ್ಕರು. "ಅನ್ನ ಬೇಯದಿದ್ದರೆ ಮೊದಲು ಒಲೆ ನೋಡ್ತೀರೋ, ಅಕ್ಕಿ ಬೈತೀರೋ?" ಎಂದು ಕೇಳಿ ಮೀಟರ್ ಹಿಡಿದರು. ಪವರ್ ಸಪ್ಲೈನಿಂದ ಹೊರಡುವ ಕಡೆ ಸರಿಯಾಗಿ 5 ವೋಲ್ಟ್. ಅದೇ ತಂತಿ ಬೋರ್ಡಿಗೆ ಸೇರುವ ಕಡೆ 4.5. ನಡುವೆ ಇದ್ದದ್ದು ಒಂದು ಗೇಣು ತಂತಿ, ತುದಿಯಲ್ಲಿ ಕಿಲುಬು ಹಿಡಿದು ಸಡಿಲವಾದ ಲೋಹದ ಕೊಂಡಿಗಳು. ಕೊಂಡಿಗಳನ್ನು ಉಜ್ಜಿ ಬಿಗಿ ಮಾಡಿದರು. ದಪ್ಪ ದನಿ, ಸಣ್ಣ ದನಿ, 32ಕೆ! ಹದಿನಾರು ಚಿಪ್ಪುಗಳೂ ನಿರ್ದೋಷಿಗಳು.

ಆಮೇಲೆ ಅವರು ವಿವರಿಸಿದರು. ಈ ಚಿಪ್ಪುಗಳಲ್ಲಿ ನೆನಪು ಎಂದರೆ ಕಲ್ಲಿನ ಶಾಸನವಲ್ಲ, ಸೋರುವ ಕೊಡದ ನೀರು. ಪ್ರತಿಯೊಂದು ಅಂಶವೂ ಸೂಕ್ಷ್ಮ ವಿದ್ಯುತ್ತಿನ ಒಂದು ಹನಿ. ಸೆಕೆಂಡಿಗೆ ನೂರಾರು ಸಲ ಅದನ್ನು ಮತ್ತೆ ತುಂಬುತ್ತಿರಬೇಕು. ಊಡುವ ಶಕ್ತಿಯೇ ಕುಗ್ಗಿದರೆ ಒಳ್ಳೆಯ ಚಿಪ್ಪೂ ದಡ್ಡನಂತೆ ಕಾಣುತ್ತದೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದೇ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು, ಹಿಂದಿನ ದಿನವಷ್ಟೇ ಕಲಿತ ಸೂತ್ರ ಮರೆತಳೆಂದು, ಎಲ್ಲರೆದುರು ನಿಲ್ಲಿಸಿ, "ನಿನ್ನ ತಲೆಯಲ್ಲಿ ಏನೂ ನಿಲ್ಲಲ್ಲ" ಎಂದಿದ್ದೆ.

ಮರುದಿನ ಪಕ್ಕಕ್ಕೆ ಕರೆದು ಕೇಳಿದೆ. ಐದಕ್ಕೇ ಎದ್ದು ಅಮ್ಮನ ಜೊತೆ ಹೂ ಕಟ್ಟುತ್ತಾಳೆ. ಬೆಳಿಗ್ಗೆ ಬರೀ ಟೀ. ರಕ್ತ ಪರೀಕ್ಷೆ ಮಾಡಿಸಿದಾಗ, ಕನಿಷ್ಠ 12 ಇರಬೇಕಾದ ಹಿಮೋಗ್ಲೋಬಿನ್ 8ರ ಹತ್ತಿರ ಇತ್ತು. ಡಾಕ್ಟರು, "ಶಾಲೆಯಲ್ಲಿ ಕಬ್ಬಿಣಾಂಶದ ಮಾತ್ರೆ ಕೊಡೋದಿಲ್ವೆ?" ಎಂದರು.

ಕೊಡುತ್ತೇವೆ, ವಾರಕ್ಕೊಂದು. ನಾನೇ ಕೊಟ್ಟು ನಾನೇ ಪುಸ್ತಕದಲ್ಲಿ ಗುರುತು ಹಾಕಿದ್ದೇನೆ. ಊಟದ ಮೇಲೆ ನುಂಗಿಸಬೇಕೆಂಬುದು ನಿಯಮ. ಮಧ್ಯಾಹ್ನದ ಗಲಾಟೆ ಬೇಡವೆಂದು ನಾನು ಬೆಳಗಿನ ಹಾಜರಿಯ ಹೊತ್ತಿನಲ್ಲೇ ಹಂಚಿಬಿಡುತ್ತಿದ್ದೆ. ಖಾಲಿ ಹೊಟ್ಟೆಗೆ ಅದು ಓಕರಿಕೆ ತರುತ್ತದೆ. ಹುಡುಗಿ ಕೆನ್ನೆಯಲ್ಲಿಟ್ಟುಕೊಂಡು ಕಿಟಕಿಯಾಚೆ ಉಗುಳುತ್ತಿದ್ದಳು. ನನ್ನ ಪುಸ್ತಕದಲ್ಲಿ ಸರಿಯಾಗಿ 5 ವೋಲ್ಟ್ ಇತ್ತು. ಅವಳವರೆಗೆ ಅದು ಹೋಗಿರಲೇ ಇಲ್ಲ.

ಹಾಗಾದರೆ ಮರೆವಿಗೆಲ್ಲ ಹಸಿವೇ ಕಾರಣವೆ? ಅಲ್ಲ. ಚಿಪ್ಪು ನಿಜವಾಗಿ ಸುಟ್ಟ ಯಂತ್ರಗಳೂ ಇವೆ, ಓದದ ಮಕ್ಕಳೂ ಇದ್ದಾರೆ. ಆದರೆ ಅನುಮಾನಕ್ಕೂ ಒಂದು ಕ್ರಮವಿರಬೇಕು ಎಂದು ಈಗ ನನಗನ್ನಿಸುತ್ತದೆ. ಕೊಡುವ ನಮ್ಮ ಕಡೆ ಮೊದಲು ನೋಡಬೇಕು, ಪಡೆಯುವವರ ಕಡೆ ಆಮೇಲೆ. ನಾವು ಮಾಡುವುದು ತಿರುಗಾಮುರುಗಾ. ಶಾಲೆಯಲ್ಲಿ ಮಗುವನ್ನು, ಮನೆಯಲ್ಲಿ ಹೊಸ ಸೊಸೆಯನ್ನು, ಮುಪ್ಪಿನ ಅತ್ತೆಯನ್ನು, ಯಾರು ಬಾಯಿಬಿಡಲಾರರೋ ಅವರನ್ನೇ ಮೊದಲು ಸುಲಭವಾಗಿ ದೂರುತ್ತೇವೆ. 'ನಾನು ಕೊಟ್ಟಿದ್ದೇನೆ' ಎಂಬುದು ಅರ್ಧ ಸತ್ಯ. 'ಅವರಿಗೆ ಮುಟ್ಟಿದೆ' ಎಂದು ನೋಡುವುದು ಉಳಿದರ್ಧ.

ಈಗ ಮಾತ್ರೆ ಊಟದ ಪಂಕ್ತಿಯಲ್ಲೇ ಕೊಡುತ್ತೇನೆ, ನುಂಗುವವರೆಗೆ ಎದುರಿಗೇ ನಿಲ್ಲುತ್ತೇನೆ. ಹುಡುಗಿಯ ಅಂಕಗಳು ಪವಾಡದಂತೆ ಏನೂ ಏರಿಲ್ಲ. ತೂಕಡಿಕೆ ಮಾತ್ರ ಕಡಿಮೆಯಾಗಿದೆ.

ಮೊನ್ನೆ ಅವಳನ್ನು ಆ ಯಂತ್ರದ ಮುಂದೆ ಕೂರಿಸಿ, ಹೆಸರನ್ನು ತೆರೆಯ ತುಂಬ ಬರೆಯುವ ಎರಡು ಸಾಲಿನ ಪ್ರೋಗ್ರಾಮ್ ಹೇಳಿಕೊಟ್ಟೆ. ಖುಷಿಯಿಂದ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ತೆರೆ ಖಾಲಿ.

"ಇದರ ತಲೆಯಲ್ಲೂ ಏನೂ ನಿಲ್ಲಲ್ವಾ, ಮಿಸ್?" ಎಂದಳು.

ನನ್ನ ಮಾತು ಅಕ್ಷರ ತಪ್ಪದೆ ಅವಳ ತಲೆಯಲ್ಲಿ ನಿಂತಿತ್ತು.