ಬೆಳಕಿನ ಹಿಂಸೆ

ಸಂಪ್ರದಾಯಸ್ಥ ಜೈನರಲ್ಲಿ ನೀರು ಸೋಸುವ ಕೆಲಸ ಸೋಸುವುದಕ್ಕೇ ಮುಗಿಯುವುದಿಲ್ಲ. ದಪ್ಪ ಬಟ್ಟೆಯನ್ನು ಮಡಿಸಿ ಸೋಸಿದ ಮೇಲೆ ಅದನ್ನು ಮಗುಚಿ, ಸೋಸಿದ ನೀರಿನಲ್ಲೇ ತೊಳೆದು, ಆ ನೀರನ್ನು ಬಂದ ಬಾವಿಗೇ ಬಿಡಬೇಕು. ಮೇಲಿನಿಂದ ಸುರಿಯುವಂತಿಲ್ಲ, ಕೊಡವನ್ನು ನೀರಿನ ಮಟ್ಟಕ್ಕೆ ಇಳಿಸಿ ಬಗ್ಗಿಸಬೇಕು. ಬಿದ್ದ ಪೆಟ್ಟಿಗೆ ಜೀವ ಹೋಗಬಾರದಲ್ಲ! ಒಂದೇ ದೇಹದಲ್ಲಿ ಅನಂತ ಜೀವಗಳು ಕಿಕ್ಕಿರಿದ 'ನಿಗೋದ'ವನ್ನು ಸೂಕ್ಷ್ಮದರ್ಶಕ ಹುಟ್ಟುವ ಎಷ್ಟೋ ಮೊದಲೇ ಕಲ್ಪಿಸಿದ ಮತವಿದು. (ನಿಗೋದವೆಂದರೆ ಬ್ಯಾಕ್ಟೀರಿಯಾವೇ ಎಂದು ಬೀಗುವವರ ಅವಸರ ಬೇರೆ ಮಾತು.)

ಇಂಥ ಮತ ಇಂದಿನ ಪ್ರಯೋಗಾಲಯಕ್ಕೆ ಬಂದರೆ ಏನೆಂದೀತು?

1900ರ ಸುಮಾರಿಗೆ ಮ್ಯೂನಿಕ್‌ನ ವಿದ್ಯಾರ್ಥಿ ಆಸ್ಕರ್ ರಾಬ್ ಪ್ಯಾರಮೀಸಿಯಂ ಎಂಬ ಏಕಕೋಶಜೀವಿಯ ಮೇಲೆ ಅಕ್ರಿಡೀನ್ ಎಂಬ ರಾಸಾಯನಿಕದ ಪರಿಣಾಮವನ್ನು ನೋಡುತ್ತಿದ್ದ. ಅದೇ ದ್ರಾವಣದಲ್ಲಿ ಅವು ಒಮ್ಮೆ ಬೇಗ ಸಾಯುತ್ತಿದ್ದವು, ಇನ್ನೊಮ್ಮೆ ಬಹಳ ಹೊತ್ತು ಬದುಕುತ್ತಿದ್ದವು. ವ್ಯತ್ಯಾಸ ಇದ್ದದ್ದು ಕೋಣೆಯ ಬೆಳಕಿನಲ್ಲಿ. ಬೆಳಕು ಬಿದ್ದಾಗ ಇಂಥ ವಸ್ತು ಸುತ್ತಲಿನ ಆಮ್ಲಜನಕವನ್ನು ಕೆರಳಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶದ ಪೊರೆಯನ್ನೇ ಹರಿಯುತ್ತದೆ. ಬೆಳಕಿನಿಂದ ರೋಗಾಣು ಕೊಲ್ಲುವ ಈ ಕೆಲಸಕ್ಕೆ ಈಗ ನ್ಯಾನೊಕಣಗಳೂ ಬಂದಿವೆ. ಚಿನ್ನದ ಕಣಕ್ಕೆ ಪ್ರತಿಕಾಯ ಜೋಡಿಸಿದರೆ ಅದು ಬೇಕಾದ ಬ್ಯಾಕ್ಟೀರಿಯಾಕ್ಕೇ ಹೋಗಿ ಅಂಟುತ್ತದೆ. ಆಮೇಲೆ ಅವಕೆಂಪು ಲೇಸರ್ ಬಿಟ್ಟರೆ ಕಣ ಕಾಯುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಸುಟ್ಟುಹೋಗುತ್ತದೆ.

ಕೊಲೆಯಂತೂ ಕೊಲೆಯೇ. ಆದರೆ ಜೈನ ಆಚಾರ್ಯ ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಗುರುತಿಸುವುದು ಸತ್ತವುಗಳ ಲೆಕ್ಕದಿಂದಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣ ತೆಗೆದರೆ ಅದು ಹಿಂಸೆ. ಹಾಗೆ ನೋಡಿದರೆ ಬೆಳಕಿಗಿಂತ ಮೊದಲು ವಿಚಾರಣೆಗೆ ನಿಲ್ಲಬೇಕಾದದ್ದು ನಮ್ಮ ಮಾತ್ರೆಯ ಚೀಟಿ. ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ನೆಗಡಿ ಹೋಗದು, ಕರುಳಿನ ನಿರಪರಾಧಿಗಳು ಸಾಯುತ್ತವೆ, ಉಳಿದವು ಮದ್ದಿಗೆ ಬಗ್ಗದಂತಾಗುತ್ತವೆ. ಹೀಗೆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಬೆಳಕಾದರೋ ಬಿದ್ದ ಕಡೆ ಮಾತ್ರ ಕೊಲ್ಲುತ್ತದೆ, ಆರಿಸಿದರೆ ನಿಲ್ಲುತ್ತದೆ. ಇದಕ್ಕೂ ಮಿತಿಯಿದೆ: ಮೈಯೊಳಗೆ ಹೆಚ್ಚು ಆಳಕ್ಕೆ ಅದು ಇಳಿಯದು. ರಕ್ತಕ್ಕೆ ಸೋಂಕು ಹತ್ತಿದವನಿಗೆ ಇವತ್ತಿಗೂ ಆಂಟಿಬಯೋಟಿಕ್ಕೇ ಗತಿ.

ಜೈನ ಅಹಿಂಸೆಯನ್ನು ಮೆಚ್ಚಿ ಬರೆದ ಆಲ್ಬರ್ಟ್ ಶ್ವೈಟ್ಸರ್ ಆಫ್ರಿಕಾದ ಲಾಂಬರೇನೆಯಲ್ಲಿ ವೈದ್ಯನಾಗಿದ್ದ. ನಿದ್ರಾರೋಗಕ್ಕೆ ಹೊಸ ಮದ್ದು ಬಂದಾಗ ಹಿಗ್ಗಿದ. ಸೂಕ್ಷ್ಮದರ್ಶಕದಡಿ ಆ ರೋಗಾಣುಗಳನ್ನು ಕಂಡಾಗಲೆಲ್ಲ, ಒಂದು ಜೀವ ಉಳಿಸಲು ಇನ್ನೊಂದನ್ನು ಬಲಿಕೊಡುತ್ತಿದ್ದೇನೆಂಬ ಯೋಚನೆ ಅವನನ್ನು ಬಿಡಲಿಲ್ಲ. ಅನಿವಾರ್ಯ ಎಂದ ಮಾತ್ರಕ್ಕೆ ಅವನ ಮನಸ್ಸು ಹಗುರಾಗಲಿಲ್ಲ. ಜೈನ ಗೃಹಸ್ಥನ ನೀತಿ ಇಷ್ಟು ಬಿಗಿಯಲ್ಲ. ಅಡುಗೆ, ಕಸಬು, ಆತ್ಮರಕ್ಷಣೆಗಳಲ್ಲಿ ಆಗುವ ಹಿಂಸೆಯನ್ನು ಅದು ಸಹಿಸುತ್ತದೆ. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಗೆ ಮಾತ್ರ ರಿಯಾಯಿತಿ ಇಲ್ಲ. ವಾಸಿಯಾಗದ ಗಾಯಕ್ಕೆ ಬೆಳಕು ಹಾಯಿಸುವ ವೈದ್ಯ ಆತ್ಮರಕ್ಷಣೆಯ ಸಾಲಿನಲ್ಲಿ ನಿಂತಾನು. ಕಾಲುಚೀಲ ನಾರಬಾರದೆಂದು ಬ್ಯಾಕ್ಟೀರಿಯಾ ಕೊಲ್ಲುವ ಬೆಳ್ಳಿಯ ನ್ಯಾನೊಕಣ ಬೆರೆಸಿ ಮಾರುವವರನ್ನು ಯಾವ ಸಾಲಿಗೆ ಸೇರಿಸುವುದು? ಆ ಬೆಳ್ಳಿ ಒಗೆತದ ನೀರಿನೊಂದಿಗೆ ಹೊರಬರುವುದನ್ನು 2008ರಲ್ಲೇ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ.