ಸಂಯಮಕ್ಕೆ ತೂಕವೇ ಅಳತೆಯೇ?

ಶನಿವಾರ ಬಂತೆಂದರೆ ಪಾವಗಡದ ಶನಿಮಹಾತ್ಮನ ಗುಡಿಯ ಮುಂದೆ ಸಾಲು ಬೆಳೆಯುತ್ತದೆ. ಸಾಲಿನಲ್ಲಿರುವ ಎಷ್ಟೋ ಮಂದಿಗೆ ಅಂದು ಒಪ್ಪತ್ತು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಶುಕ್ರವಾರ ಹೋಗುವವರಲ್ಲಿ ಮಹಾಲಕ್ಷ್ಮಿಯ ದರ್ಶನವಾಗುವ ತನಕ ಬಾಯಿಗೆ ಏನನ್ನೂ ಹಾಕದವರಿದ್ದಾರೆ. ಶಿರಾದಲ್ಲಿ ರಂಜಾನ್ ತಿಂಗಳಿಡೀ ರೋಜಾ. ಮಧುಗಿರಿಯ ಜೈನ ಮನೆಗಳಲ್ಲಿ ದಶಲಕ್ಷಣ ಪರ್ವಕ್ಕೆ ದಿನಕ್ಕೊಂದೇ ಊಟ ಮಾಡುವವರುಂಟು. ಹಸಿವನ್ನು ತಡೆದುಕೊಳ್ಳುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಆದರೂ ತೂಕ ಏರುತ್ತಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಹತ್ತಕ್ಕೆ ಸುಮಾರು ಮೂವರದು ಅತಿತೂಕ. ಇಳಿಸಲು ಹೊರಟವರೂ ಕಡಿಮೆಯೇನಲ್ಲ. ಇಪ್ಪತ್ತು, ಮೂವತ್ತು ಕೆ.ಜಿ. ಇಳಿಸಿದವರನ್ನು ಊರೆಲ್ಲ ಹೊಗಳುತ್ತದೆ. ಎರಡು ವರ್ಷದಲ್ಲಿ ಅದೇ ತೂಕ ಮರಳಿದರೆ, ‘ಬಾಯಿ ಕಟ್ಟೋಕೆ ಆಗಲಿಲ್ಲ’ ಎಂದು ಅದೇ ಊರು ತೀರ್ಪು ಕೊಡುತ್ತದೆ. ಪ್ರಶ್ನೆ ಇರುವುದು ಈ ತೀರ್ಪಿನಲ್ಲೇ. ತೂಕ ನೋಡಿ ಒಬ್ಬರ ಆತ್ಮಸಂಯಮವನ್ನು ಅಳೆಯಬಹುದೇ?

ಮೊದಲು ದೇಹದ ಕಡೆಯ ವಾದ ಕೇಳಬೇಕು. ಇದು ಬರ ಕಂಡ ನೆಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. ಧಾತು ಸಂವತ್ಸರದಲ್ಲಿ ಶುರುವಾದ 1876–78ರ ಮಹಾಕ್ಷಾಮ ಕಳೆದು 1881ರಲ್ಲಿ ಎಣಿಸಿದಾಗ ಅದು 42 ಲಕ್ಷಕ್ಕಿಂತ ಕೆಳಗಿತ್ತು. ಬರಗಾಲಕ್ಕೂ ಬೇಕೆಂದೇ ಮಾಡಿದ ಪಥ್ಯಕ್ಕೂ ಇರುವ ವ್ಯತ್ಯಾಸ ದೇಹಕ್ಕೆ ತಿಳಿಯದು. ಕೊಬ್ಬು ಕರಗಿದಂತೆ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಹಸಿವು ಏರುತ್ತದೆ, ದೇಹ ಸುಮ್ಮನೆ ಕುಳಿತಾಗ ಖರ್ಚು ಮಾಡುವ ಶಕ್ತಿಯೂ ತಗ್ಗುತ್ತದೆ.

ಅಮೆರಿಕದ ‘ದ ಬಿಗ್ಗೆಸ್ಟ್ ಲೂಸರ್’ ಟಿ.ವಿ. ಸ್ಪರ್ಧೆಯಲ್ಲಿ ತೂಕ ಇಳಿಸಿದ 14 ಜನರನ್ನು ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಸರಾಸರಿ 58 ಕೆ.ಜಿ. ಇಳಿಸಿದ್ದವರಿಗೆ 41 ಕೆ.ಜಿ. ಮರಳಿತ್ತು. ಆಗಲೂ ಅವರ ದೇಹ ದಿನಕ್ಕೆ ನಿರೀಕ್ಷೆಗಿಂತ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಅಧ್ಯಯನವೊಂದರಲ್ಲೂ ಹೀಗೇ ಆಯಿತು. ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು. ಇವರೆಲ್ಲ ಸಂಯಮಗೇಡಿಗಳೆನ್ನುವುದು ಅನ್ಯಾಯದ ಮಾತು.

ಹಾಗಾದರೆ ಸಂಯಮಕ್ಕೆ ಕೆಲಸವೇ ಇಲ್ಲವೇ? ಇದೆ. ಆದರೆ ಧರ್ಮಗ್ರಂಥಗಳು ಹೇಳುವ ಸಂಯಮ, ಹೊಟ್ಟೆ ಬೆನ್ನಿಗಂಟಿಸಿಕೊಳ್ಳುವ ಸಾಹಸವಲ್ಲ.

ಪಾಳಿ ಭಾಷೆಯ ಬೌದ್ಧ ಗ್ರಂಥ ಸಂಯುತ್ತ ನಿಕಾಯದಲ್ಲಿ ಕೋಸಲದ ದೊರೆ ಪಸೇನದಿಯ ಪ್ರಸಂಗವಿದೆ. ಕೊಳಗದಷ್ಟು ಅನ್ನ ಉಣ್ಣುತ್ತಿದ್ದ ದೊರೆ ಒಮ್ಮೆ ಉಂಡ ಭಾರಕ್ಕೆ ಏದುಸಿರು ಬಿಡುತ್ತ ಬುದ್ಧನ ಬಳಿ ಬಂದು ಕುಳಿತ. ಬುದ್ಧ ಅವನನ್ನು ಜರೆಯಲಿಲ್ಲ, ಉಪವಾಸ ಮಾಡೆಂದೂ ಹೇಳಲಿಲ್ಲ. ಅಳತೆಯರಿತು ಉಂಡರೆ ನೋವು ತಗ್ಗುತ್ತದೆ, ಮುಪ್ಪು ನಿಧಾನವಾಗುತ್ತದೆ ಎಂಬರ್ಥದ ಒಂದು ಗಾಥೆ ಹೇಳಿದ. ದೊರೆಯ ಹಿಂದೆ ನಿಂತಿದ್ದ ಸುದಸ್ಸನನೆಂಬ ಹುಡುಗ ಅದನ್ನು ಬಾಯಿಪಾಠ ಮಾಡಿಕೊಂಡ. ಪ್ರತಿ ಊಟದ ಹೊತ್ತಿಗೂ ಅದನ್ನು ಹೇಳಲು ಅವನಿಗೆ ದಿನಕ್ಕೆ ನೂರು ಕಹಾಪಣ ನಾಣ್ಯಗಳ ಸಂಬಳ ಗೊತ್ತಾಯಿತು. ಊಟ ಕ್ರಮೇಣ ಒಂದು ಸಣ್ಣ ಅಳತೆಗೆ ಇಳಿಯಿತು. ಹಗುರಾದ ದೊರೆ ತನ್ನ ಮೈಯನ್ನು ತಾನೇ ಸವರಿಕೊಂಡು ಬುದ್ಧನನ್ನು ನೆನೆದ.

ಇಲ್ಲಿ ಗಮನಿಸಬೇಕಾದ್ದು ಆ ಹುಡುಗನನ್ನು. ರಾಜ್ಯವಾಳುವವನೂ ತನ್ನ ಮನೋಬಲವೊಂದನ್ನೇ ನಂಬಿ ಕೂರಲಿಲ್ಲ, ಪಕ್ಕದಲ್ಲೊಬ್ಬರನ್ನು ಇಟ್ಟುಕೊಂಡ. ಅದೂ ಒಂದು ದಿನಕ್ಕಲ್ಲ, ಪ್ರತಿ ಊಟಕ್ಕೂ.

ಗೀತೆಯ ಆರನೇ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ ಎನ್ನುವಾಗಲೇ ಏನೂ ಉಣ್ಣದವನಿಗೂ ಇಲ್ಲ ಎನ್ನುತ್ತದೆ. ಹೊಟ್ಟೆಯ ಮೂರನೇ ಒಂದು ಭಾಗ ಅನ್ನಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಪ್ರವಾದಿಯ ಮಾತು ಹದೀಸ್‌ನಲ್ಲಿದೆ. ಮೂರೂ ಕಡೆ ಬೋಧನೆ ಒಂದೇ: ದಿನದಿನದ ಮಿತಿ. ವ್ರತದ ದಿನವಷ್ಟೇ ಬಿಗಿಹಿಡಿದರೆ ದೇಹಕ್ಕೆ ಹೆಚ್ಚೇನೂ ಆಗದು. ರಂಜಾನಿನಲ್ಲಿ ಇಳಿಯುವ ಒಂದೆರಡು ಕೆ.ಜಿ. ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಬಹುಪಾಲು ಮರಳುತ್ತದೆಂದು ಅಧ್ಯಯನಗಳು ತೋರಿಸಿವೆ. ಒಪ್ಪತ್ತಿನ ರಾತ್ರಿ ಫಲಾಹಾರದ ಹೆಸರಲ್ಲಿ ತಟ್ಟೆ ತುಂಬ ಉಪ್ಪಿಟ್ಟು, ಮೇಲೊಂದಿಷ್ಟು ಒಗ್ಗರಣೆ ಅವಲಕ್ಕಿ, ಎರಡು ಬಾಳೆಹಣ್ಣು ಸೇರಿದರೆ ಲೆಕ್ಕ ಅಲ್ಲಿಗೇ ಸರಿಹೋಯಿತು. ಆ ವ್ರತ ದೇವರಿಗೆ ಸಲ್ಲಬಹುದು, ತೂಕಕ್ಕಲ್ಲ. ತೂಕಕ್ಕಾಗಿ ಅದು ಹುಟ್ಟಿದ್ದೂ ಅಲ್ಲ.

ಇಳಿಸಿ ಉಳಿಸಿಕೊಂಡವರೂ ಇದ್ದಾರೆ. ಅಂಥವರನ್ನು ಅಮೆರಿಕದ ‘ನ್ಯಾಷನಲ್ ವೇಯ್ಟ್ ಕಂಟ್ರೋಲ್ ರಿಜಿಸ್ಟ್ರಿ’ 1994ರಿಂದ ಗಮನಿಸುತ್ತಿದೆ. ಸರಾಸರಿ 30 ಕೆ.ಜಿ.ಯಷ್ಟು ಇಳಿಸಿ ಐದು ವರ್ಷಕ್ಕೂ ಮೀರಿ ಕಾಯ್ದುಕೊಂಡ ಈ ಜನರಲ್ಲಿ ಬಹಳಷ್ಟು ಮಂದಿ ದಿನಕ್ಕೆ ಸುಮಾರು ಒಂದು ಗಂಟೆ ನಡೆಯುತ್ತಾರೆ ಇಲ್ಲವೇ ಬೇರೆ ವ್ಯಾಯಾಮ ಮಾಡುತ್ತಾರೆ, ಬೆಳಗಿನ ತಿಂಡಿ ತಪ್ಪಿಸುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ತೂಕ ಇಳಿದ ಮೇಲೂ ಇದು ಮುಗಿಯುವುದಿಲ್ಲ. ಯೋಗಸೂತ್ರದಲ್ಲಿ ಪತಂಜಲಿ ಅಭ್ಯಾಸಕ್ಕೆ ಹಾಕುವ ಷರತ್ತುಗಳೂ ಇವೇ: ಬಹುಕಾಲ, ಎಡೆಬಿಡದೆ, ಆದರದಿಂದ. ಕೊನೆಯ ಷರತ್ತೇ ದೊಡ್ಡದು, ಏಕೆಂದರೆ ಮೈಯನ್ನು ದ್ವೇಷಿಸುತ್ತ ಬಹುಕಾಲ ನಡೆಯಲಾಗದು.

ಇದೇ ತುಮಕೂರು ಜಿಲ್ಲೆಯ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು (1907–2019) ಮಿತಾಹಾರಕ್ಕೆ ಹೆಸರಾಗಿದ್ದರು. ಅದೇ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಹೊಟ್ಟೆ ತುಂಬ ಉಂಡರು. ತಮಗೆ ಹಾಕಿಕೊಂಡ ಮಿತಿ ಇನ್ನೊಬ್ಬರ ತಟ್ಟೆಯ ಮೇಲಿನ ತೀರ್ಪಾಗಲಿಲ್ಲ.

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಬಂಧುಗಳಲ್ಲಿ ಒಂದು ಕೋರಿಕೆ. ಜಾತ್ರೆಯ ಊಟದಲ್ಲಿ ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ ‘ಇನ್ನೊಂದು ಮುದ್ದೆ’ ಎಂದು ಬಲವಂತ ಮಾಡಬೇಡಿ. ತೂಕ ಮರಳಿದವರನ್ನು ಹತ್ತು ಜನರೆದುರು ‘ಮತ್ತೆ ದಪ್ಪ ಆಗಿದ್ದೀಯಲ್ಲ’ ಎನ್ನಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಉಪವಾಸ ಹಿಡಿಯುವ ಮುನ್ನ ವೈದ್ಯರನ್ನು ಕೇಳಿ. ಮನೆಯಲ್ಲಿ ತೂಕ ಇಳಿಸುತ್ತಿರುವವರಿದ್ದರೆ ಬೆಳಗ್ಗೆ ಅವರ ಜೊತೆ ನೀವೂ ನಡೆಯಲು ಹೋಗಿ.